ಎರಡನೆಯ ಗಾಳ ಹಾಕುವ ಮೊದಲು

ಮಳೆ ಹಿಂದೆಗೆದು ಹೊಳೆಯ ಕೆಂಪು ನೀರು ತಿಳಿಯಾಗುತ್ತಿದ್ದಂತೆ ಕಾಸರಗೋಡಿನ ಚಂದ್ರಗಿರಿ, ಮೊಗ್ರಾಲ್, ಶಿರಿಯಾ ಹೊಳೆಗಳ ದಂಡೆಯಲ್ಲಿ ಗಾಳದ ಕೋಲುಗಳು ಕಾಣಿಸಿಕೊಳ್ಳುತ್ತವೆ. ಹೊಸದಾಗಿ ಗಾಳ ಹಿಡಿದ ಹುಡುಗರು ನನ್ನಲ್ಲಿ ಮೊದಲು ಕೇಳುವುದು “ಒಬ್ಬರು ಎಷ್ಟು ಗಾಳ ಹಾಕಬಹುದು?” ಎಂದು. ಬರೀ ಸಂಖ್ಯೆ ಗೊತ್ತಾದರೆ ನಿಯಮ ಗೊತ್ತಾದಂತಲ್ಲ. ಯಾವ ನೀರು, ಯಾವ ಮೀನು, ಯಾವ ತಿಂಗಳು, ಕೋಲು ಕೈಗೆ ಎಟಕುವಷ್ಟು ಹತ್ತಿರವಿದೆಯೇ ಎಂಬುದನ್ನೂ ಕೇಳಬೇಕು.

ಸಂಖ್ಯೆಯನ್ನು ಖಚಿತವಾಗಿ ಬರೆದಿಟ್ಟ ಊರಿನ ನಿಯಮವನ್ನೇ ನೋಡಿ. ನನ್ನ ಅಕ್ಕನ ಮಗ ಇಂಗ್ಲೆಂಡಿನಲ್ಲಿದ್ದಾನೆ. “ಮಾವ, ಇಲ್ಲಿ ಗಾಳಕ್ಕೂ ಲೈಸನ್ಸ್ ಬೇಕು” ಎಂದು ಹೇಳಿದಾಗ ನಿಯಮವನ್ನು ಪೂರ್ತಿ ಓದಿಸಿದೆ. ಅಲ್ಲಿ 13 ವರ್ಷ ತುಂಬಿದವರು ಸಿಹಿನೀರಿನ ಮೀನಿಗೆ ಗಾಳ ಹಾಕಬೇಕಾದರೆ ಲೈಸನ್ಸ್ ಇರಲೇಬೇಕು. ಸಾಮಾನ್ಯ ಲೈಸನ್ಸಿಗೆ ಎರಡು ಕೋಲು. ಮೂರು ಬೇಕೆಂದರೆ ಅದಕ್ಕೆಂದೇ ಬೇರೆ ಲೈಸನ್ಸ್. ಆದರೆ ಕೈಯಲ್ಲಿ ಯಾವ ಲೈಸನ್ಸ್ ಇದ್ದರೂ ಹೊಳೆಯಲ್ಲಿ ಟ್ರೌಟ್ ಹಿಡಿಯಲು ಒಂದೇ ಕೋಲು. ಕೆರೆ, ಜಲಾಶಯಗಳಲ್ಲಿ ಅದೇ ಮೀನಿಗೆ ಎರಡು. ಮೂರು ಕೋಲಿನ ಲೈಸನ್ಸ್ ಇದ್ದರೆ ಕಾರ್ಪ್‌ನಂತಹ ಮೀನಿಗೆ ಮೂರರವರೆಗೆ. ಹಲವು ಕೋಲು ಹೂಡಿದಾಗ ಈ ತುದಿಯ ಕೋಲಿನ ಹಿಡಿಗೂ ಆ ತುದಿಯದರ ಹಿಡಿಗೂ ನಡುವೆ 3 ಮೀಟರಿಗಿಂತ ಹೆಚ್ಚು ದೂರ ಇರಕೂಡದು. ನೀರಿನಲ್ಲಿ ಗಾಳ ಬಿಟ್ಟು ಅತ್ತಿತ್ತ ಹೋಗುವುದೂ ಅಪರಾಧವೇ. ನನಗೆ ತುಂಬ ಹಿಡಿಸಿದ್ದು ಈ ಕೊನೆಯ ಎರಡು ಮಾತು. ಕಾಯುವವರಿಲ್ಲದ ಗಾಳ ಉರುಳಿಗೆ ಸಮ.

ಇನ್ನು ನಮ್ಮ ನೀರು. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಮುಂದೆ ಚಂದ್ರಗಿರಿ ಎನಿಸುವ ಪಯಸ್ವಿನಿ ಸುಳ್ಯದ ಕಡೆ ಹರಿಯುವಾಗ ಕರ್ನಾಟಕದ 1996ರ ಒಳನಾಡು ಮೀನುಗಾರಿಕೆ ಕಾಯಿದೆಗೆ ಒಳಪಟ್ಟಿರುತ್ತದೆ. ಗಡಿ ದಾಟಿದರೆ ಕೇರಳದ 2010ರ ಕಾಯಿದೆ. ತಳಂಗರೆಯ ಅಳಿವೆಯಿಂದಾಚೆ ಕಡಲಿಗಿಳಿದರೆ 1980ರ ಕಡಲ ಮೀನುಗಾರಿಕೆ ಕಾಯಿದೆ. ಆದ್ದರಿಂದ ಸುಳ್ಯದಲ್ಲಿ ನೆಂಟರು ಹೇಳಿದ ನಿಯಮವನ್ನು ಇಲ್ಲಿಗೆ ತರಬೇಡಿ, ಇಲ್ಲಿಯದನ್ನು ಅಲ್ಲಿಗೆ ಒಯ್ಯಬೇಡಿ. ತೊಡಿಕಾನದ ದೇವರ ಮೀನುಗಳ ನೀರಿನಲ್ಲಂತೂ ಎಷ್ಟು ಗಾಳ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಕೇರಳದ ಒಳನಾಡು ಕಾಯಿದೆಯ ಒತ್ತು ಮೀನು ಹಿಡಿಯುವ ಬಗೆಯ ಮೇಲೆ. ತೋಟೆ, ವಿಷ, ಕರೆಂಟು ನಿಷಿದ್ಧ. ಮಳೆಗಾಲದ ಮೊದಲ ನೆರೆಗೆ ಮೊಟ್ಟೆಯಿಡಲು ತೋಡು, ಗದ್ದೆಗಳಿಗೆ ಹತ್ತುವ ಮೀನನ್ನು ದಾರಿ ಕಟ್ಟಿ ಹಿಡಿಯುವುದೂ ಶಿಕ್ಷಾರ್ಹ. ಊರಲ್ಲಿ ಅದನ್ನು ಹಬ್ಬದಂತೆ ಆಚರಿಸುತ್ತಾರೆಂದು ನನಗೆ ಗೊತ್ತು. ಆದರೆ ಬಸುರಿ ಮೀನಿನ ಬುಟ್ಟಿ ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಕಡಲ ಮೀನಿಗೆ ಅಳತೆಯ ಮಿತಿಯೂ ಇದೆ: ಭೂತಾಯಿ 10 ಸೆಂಟಿಮೀಟರ್, ಬಂಗುಡೆ 14. ಚಿಕ್ಕದಾದರೆ ನೀರಿಗೇ ಬಿಡಿ.

ಚಂದ್ರಗಿರಿಯಲ್ಲಿ ಗಾಳ ಹಾಕುವವರು ಮರೆಯಲೇಬಾರದ ಪ್ರಾಣಿಯೊಂದಿದೆ. ಮಲಯಾಳದಲ್ಲಿ ಪಾಲಪ್ಪೂವನ್ ಎನ್ನುವ ಮೆತ್ತನೆ ಚಿಪ್ಪಿನ ದೈತ್ಯ ಆಮೆ. 2023ರಲ್ಲಿ ಕಾಸರಗೋಡು ಅದನ್ನು ಜಿಲ್ಲೆಯ ಅಧಿಕೃತ ಪ್ರಾಣಿಯಾಗಿ ಘೋಷಿಸಿತು. ವನ್ಯಜೀವಿ ಕಾಯಿದೆಯ ಒಂದನೆಯ ಪರಿಚ್ಛೇದದ ರಕ್ಷಣೆಯೂ ಅದಕ್ಕಿದೆ. ದಿನದ ಹೆಚ್ಚಿನ ಹೊತ್ತು ಮರಳಿನಲ್ಲಿ ಹೂತು, ಬರಿಯ ಕಣ್ಣು ಮೂತಿ ಹೊರಗಿಟ್ಟು ಮಲಗಿರುತ್ತದೆ. ಸಂಜೆ ಸಾಲಾಗಿ ಕೊಕ್ಕೆ ಕಟ್ಟಿ ಬಿಟ್ಟು ಬೆಳಿಗ್ಗೆ ಎತ್ತುವ ಹಗ್ಗ ಅದರ ಪಾಲಿಗೆ ಯಮಪಾಶ. ಸಿಕ್ಕಿಬಿದ್ದದ್ದು ಕಂಡರೆ ದಾರ ಎಳೆಯಬೇಡಿ, ಕೊಕ್ಕೆ ಕೀಳಲು ಹೋಗಬೇಡಿ, ಬಾಯಿಯ ಬಳಿ ಕೈ ಒಯ್ಯಬೇಡಿ. ಅದು ಕತ್ತು ಚಾಚಿ ಕಚ್ಚುವುದು ಕ್ಷಣಮಾತ್ರದಲ್ಲಿ. ಕೂಡಲೇ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಎರಡು ಕೋಲು ಹೂಡಲು ಅಡ್ಡಿಯಿಲ್ಲವೆಂದು ಖಚಿತವಾದ ಜಾಗದಲ್ಲಿ ನಾನು ಹೂಡುವುದು ಹೀಗೆ. ಒಂದಕ್ಕೆ ಸೀಸದ ಗುಂಡು ಕಟ್ಟಿ ಸಿಗಡಿ ಚುಚ್ಚಿ ತಳಕ್ಕೆ ಬಿಡುತ್ತೇನೆ, ಮುಗುಡಿನಂತಹ ಮೀನಿಗೆ. ಇನ್ನೊಂದಕ್ಕೆ ಬೆಂಡು, ಎರೆಹುಳು. ಬೆಂಡಿನ ದಾರ ನೀರಿನೊಂದಿಗೆ ಸಾಗುತ್ತದೆ, ಆದ್ದರಿಂದ ಆ ಕೋಲು ನೀರು ಹರಿಯುವ ದಿಕ್ಕಿಗೇ ಇರಬೇಕು. ಇಲ್ಲವಾದರೆ ಎರಡೂ ದಾರ ಹೆಣೆದುಕೊಳ್ಳುತ್ತವೆ. ಅಳಿವೆಯ ಹತ್ತಿರ ಇಳಿತ ಮುಗಿದು ಭರತ ಏರಲು ಶುರುವಾದರೆ ಹರಿವು ತಿರುಗುತ್ತದೆ, ಕೋಲುಗಳ ಜಾಗವನ್ನೂ ಬದಲಿಸಬೇಕು. ಎರಡರ ಹಿಡಿಯೂ ಕೂತಲ್ಲಿಂದ ಕೈ ಚಾಚಿದರೆ ಸಿಗುವಂತಿರಲಿ. ಒಂದಕ್ಕೆ ದೊಡ್ಡ ಮೀನು ಕಚ್ಚಿದರೆ ಜೊತೆಯಲ್ಲಿದ್ದವರು ಇನ್ನೊಂದನ್ನು ಎತ್ತಿಬಿಡಲಿ. ಜೊತೆಗೆ ಯಾರೂ ಇಲ್ಲದ ದಿನ ನನಗೆ ಒಂದೇ ಕೋಲು ಸಾಕು. ತುಂಡಾದ ನೈಲಾನ್ ದಾರವನ್ನು ದಂಡೆಯಲ್ಲಿ ಬಿಸಾಡದೆ ಸುತ್ತಿ ಮನೆಗೆ ತನ್ನಿ.

ಜಾಗದ ನಿಯಮ ಖಚಿತಪಡಿಸಿಕೊಳ್ಳಲು ಮೀನುಗಾರಿಕೆ ಇಲಾಖೆಯ ಸ್ಥಳೀಯ ಕಚೇರಿಯಾದ ಹತ್ತಿರದ ಮತ್ಸ್ಯಭವನಕ್ಕೆ ಹೋಗಿ. ಬಾಯಿಮಾತಿನ ಉತ್ತರಕ್ಕಿಂತ ಬರಹದ ಉತ್ತರ ಒಳ್ಳೆಯದು. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಕೊಟ್ಟಿದೆ. ಹೊಳೆಯ ಹೆಸರು, ಪಂಚಾಯತು, ಸೇತುವೆಯಿಂದ ಮೇಲೋ ಕೆಳಗೋ ಎಂಬುದನ್ನು ಬರೆದು ಕೇಳಿ: ಇಲ್ಲಿ ಮನೆಬಳಕೆಗೆ ಗಾಳ ಹಾಕಲು ಪರವಾನಗಿ ಬೇಕೇ, ಒಬ್ಬರಿಗೆ ಎಷ್ಟು ಕೋಲು, ಒಂದು ದಾರಕ್ಕೆ ಎಷ್ಟು ಕೊಕ್ಕೆ, ಯಾವ ತಿಂಗಳು ನಿಷೇಧ, ರಾತ್ರಿ ಹೊತ್ತು ಅನುಮತಿ ಇದೆಯೇ. ಬಂದ ಉತ್ತರದ ಪ್ರತಿಯೊಂದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಗಾಳದ ಚೀಲದಲ್ಲೇ ಇಟ್ಟುಕೊಳ್ಳಿ.