ಚಾಫ್ ಕಟರ್ ಡಿಸೈನ್ ಮಾಡ್ತಿದ್ದೀರಾ? ಮೊದ್ಲು ಕೈ ಎಲ್ಲಿವರೆಗೆ ಹೋಗತ್ತೆ ನೋಡಿ

ಕೋಲಾರದ ಕಡೆ ಹಸು ಕಟ್ಟಿರೋ ಮನೆಗಳಲ್ಲಿ ಮೇವು ಕತ್ತರಿಸೋ ಮಷಿನ್ ಈಗ ಸಾಮಾನ್ಯ, ಎಂಜಿನಿಯರಿಂಗ್ ಫೈನಲ್ ಇಯರ್ ಹುಡುಗ್ರೂ ಫ್ಯಾಬ್ರಿಕೇಶನ್ ಶೆಡ್‌ನೋರೂ ಡಿಸೈನ್ ಮಾಡೋಕೆ ಇದನ್ನೇ ಹಿಡೀತಾರೆ. ಗಂಟೆಗೆ ಎಷ್ಟು ಕೆಜಿ ಅಂತ ಎಲ್ರೂ ಕೇಳ್ತಾರೆ, ಬೆರಳು ಉಳಿಯತ್ತಾ ಅಂತ ಕೇಳೋರು ಕಮ್ಮಿ.

ಕಂಪ್ಯೂಟರಲ್ಲಿ ಡ್ರಾಯಿಂಗ್ ಮಾಡೋ ಕ್ಯಾಡ್ ಓಪನ್ ಮಾಡೋಕೆ ಮುಂಚೆ ಸಂಜೆ ಹೊತ್ತು ಒಂದು ಕೊಟ್ಟಿಗೆಗೆ ಹೋಗಿ ನಿಂತ್ಕೊಳ್ಳಿ. ದುಡ್ಡು ಕೊಟ್ಟು ತರೋರು ಯಜಮಾನ್ರು, ಆದ್ರೆ ಜೋಳದ ದಂಟು ತಳ್ಳೋರು ಹೆಚ್ಚಾಗಿ ಮನೆ ಹೆಂಗಸ್ರು, ಸೆರಗು ಇರತ್ತೆ ಬಳೆ ಇರತ್ತೆ ಲೈಟು ಮಂಕಾಗಿರತ್ತೆ ಪಕ್ಕದಲ್ಲೇ ಮಗು ಓಡಾಡ್ತಿರತ್ತೆ. ನಿಮ್ಮ ಗಿರಾಕಿ ಯಾರೇ ಇರ್ಲಿ, ನೀವು ಉತ್ತರ ಕೊಡ್ಬೇಕಾಗಿರೋದು ಇವ್ರಿಗೆ.

ಆಮೇಲೆ ಮೇವು ಹಾಕೋ ಬಾಯಿ. ತೋಳು ಪೂರ್ತಿ ಚಾಚಿದ್ರೂ ಬೆರಳು ಮೇವನ್ನ ಒಳಗೆ ಎಳ್ಕೊಳ್ಳೋ ರೋಲರ್‌ಗೆ ಮುಟ್ಟಬಾರ್ದು. ಮಷಿನ್‌ನ ಅಪಾಯದ ಜಾಗ ಕೈಗೆ ಎಷ್ಟು ದೂರ ಇರ್ಬೇಕು ಅಂತ ಹೇಳೋ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13857 ಪ್ರಕಾರ, 14 ವರ್ಷ ದಾಟಿದೋರಿಗೆ ಬಾಯಿ 40ರಿಂದ 120 ಮಿ.ಮೀ. ಇದ್ರೆ ಅಪಾಯದ ಜಾಗ ಬಾಯಿಯಿಂದ ಕನಿಷ್ಠ 850 ಮಿ.ಮೀ. ದೂರ ಇರ್ಬೇಕು, ಬಾಯಿ ಇನ್ನೂ ದೊಡ್ಡದಾದ್ರೆ ಈ ಲೆಕ್ಕ ನಡೆಯಲ್ಲ. ಮೇಲ್ಗಡೆನೂ ಮುಚ್ಚಿ, ಇಲ್ಲಾಂದ್ರೆ ಮೇಲಿಂದ ಕೈ ಹಾಕ್ತಾರೆ. ರೋಲರ್ ಹಿಂದಕ್ಕೆ ತಿರುಗಿಸೋ ಲಿವರ್ ಇನ್ನೊಂದು ಕೈಗೆ ಸಿಗೋ ಹಾಗಿರ್ಲಿ.

ಕರೆಂಟ್ ವಿಷ್ಯ ಇದಕ್ಕಿಂತ ಮುಖ್ಯ ಅಂತ ನಂಗೆ ಅನ್ಸತ್ತೆ. ಮೇವು ಸಿಕ್ಕಾಕೊಂಡಾಗ ಕರೆಂಟ್ ಹೋಗತ್ತೆ, ಎಳೆಯೋಕೆ ಕೈ ಹಾಕ್ತಾರೆ, ಅಷ್ಟ್ರಲ್ಲಿ ವಾಪಸ್ ಬಂದ್ರೆ? ಬೋರ್‌ವೆಲ್ ಪಂಪಿಗೆ ಹಾಕೋ, ಕರೆಂಟ್ ಬಂದ್ರೆ ತಾನೇ ಶುರುವಾಗೋ ಆಟೋ ಸ್ಟಾರ್ಟರ್ ಇಲ್ಲಿ ಹಾಕ್ಲೇಬೇಡಿ, ಕರೆಂಟ್ ಹೋದ್ರೆ ಆಫ್ ಆಗಿಬಿಡೋ ನೋ ವೋಲ್ಟ್ ಕಾಯಿಲ್ ಇರೋ ಸ್ಟಾರ್ಟರ್ ಕೊಡಿ, ಮತ್ತೆ ಬಟನ್ ಒತ್ತಿದ್ರೆ ಮಾತ್ರ ತಿರುಗ್ಬೇಕು. ಸ್ವಿಚ್ ಆಫ್ ಮಾಡಿದ್ಮೇಲೂ ಬ್ಲೇಡ್ ಇರೋ ಭಾರದ ಚಕ್ರ, ಅಂದ್ರೆ ಫ್ಲೈವೀಲ್, ಸುಮಾರು ಹೊತ್ತು ತಿರುಗ್ತಾನೇ ಇರತ್ತೆ, ಅದಕ್ಕೆ ಕವರ್ ಬೇಕು, ನಿಂತ್ಮೇಲೆ ಹಾಕೋಕೆ ಲಾಕ್ ಪಿನ್ನೂ ಬೇಕು. ಎಚ್ಚರಿಕೆ ಸ್ಟಿಕ್ಕರ್ ಇದೆಲ್ಲಾ ಆದ್ಮೇಲೆ, ಬರೀ ಅದನ್ನ ಅಂಟಿಸಿ ಕೈ ತೊಳ್ಕೋಬೇಡಿ.

ಗಾರ್ಡ್ (ಕೈ ತಾಗದ ಹಾಗೆ ಮುಚ್ಚೋ ಕವರ್) ಬೇಡ, ರೇಟ್ ಏರತ್ತೆ ಅಂತ ಓನರ್ ಅಂದ್ರೆ ಬಾಯ್ಮಾತಲ್ಲಿ ಬಿಡ್ಬೇಡಿ, ಅಪಾಯ ಇದೆ ಅಂತ ಬರೆದು ಕೊಡಿ, ಒಂದು ಕಾಪಿ ಇಟ್ಕೊಳ್ಳಿ. 1986ರ ಜನವರಿ 28ಕ್ಕೆ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಒಡೆದು 7 ಜನ ಹೋದ್ರಲ್ಲ, ಅದಕ್ಕೆ ಕಾರಣವಾದ ರಾಕೆಟ್ ಸೀಲ್ ಬಗ್ಗೆ ರೋಜರ್ ಬಾಯ್ಸ್‌ಜಾಲಿ ಅನ್ನೋ ಎಂಜಿನಿಯರ್ 1985ರಲ್ಲೇ ಮೆಮೋ ಬರೆದಿದ್ರು. ಮೇಲಿನೋರು ಕೇಳ್ಲಿಲ್ಲ ನಿಜ, ಆದ್ರೆ ಯಾರಿಗೂ ಗೊತ್ತೇ ಇರ್ಲಿಲ್ಲ ಅಂತ ಆಮೇಲೆ ಹೇಳೋಕೆ ಆಗ್ಲಿಲ್ಲ. ಬರೆದ್ರೂ ಕೇಳ್ದಿದ್ರೆ ಡ್ರಾಯಿಂಗ್‌ಗೆ ಸೈನ್ ಹಾಕ್ಬೇಡಿ.

ಮಷಿನ್ ಮಾರಿ ಸ್ವಲ್ಪ ತಿಂಗಳಾದ್ಮೇಲೆ ಅದೇ ಕೊಟ್ಟಿಗೆಗಳಿಗೆ ಹೋಗಿ ನೋಡಿ. ಗಾರ್ಡ್ ಬಿಚ್ಚಿ ಮೂಲೆಗೆ ಇಟ್ಟಿದ್ರೆ ಅವ್ರನ್ನ ಬೈಬೇಡಿ, ಬ್ಲೇಡ್ ಸಾಣೆ ಹಿಡಿಯೋಕೆ ಪ್ರತಿ ಸಲ ನಾಲ್ಕು ಬೋಲ್ಟ್ ಯಾರು ಬಿಚ್ಚಿ ಹಾಕ್ತಾರೆ ಹೇಳಿ. ಬೋಲ್ಟ್ ಬದ್ಲು ಹಿಂಜ್ ಹಾಕಿ, ಗಾರ್ಡ್ ತೆಗೆದ್ರೆ ಮೋಟರ್ ಆಫ್ ಆಗೋ ಲಿಮಿಟ್ ಸ್ವಿಚ್ ಕೊಡಿ, ಮುಂದಿನ ಬ್ಯಾಚಲ್ಲೇ.