ಪಟ್ಟಿಯ ಪುಟ ಹಿಡಿದು ಪಕ್ಷ ಕಟ್ಟಿದ್ದು

ಬ್ಯಾಡಗಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಚುನಾವಣೆ ಬಂತೆಂದರೆ ಪಕ್ಷದವರು ಮತದಾರರ ಪಟ್ಟಿಯ ಪ್ರತಿ ತೆಗೆಸಲು ನನ್ನಲ್ಲಿಗೇ ಬರುತ್ತಿದ್ದರು. ರಾತ್ರಿಯೆಲ್ಲ ಪುಟ ಜೋಡಿಸಿ ಪಿನ್ ಹೊಡೆಯುತ್ತ ಕೂತವನಿಗೆ ಯಾವ ಊರಿನ ಪಟ್ಟಿಯಲ್ಲಿ ಏನು ಸರಿಯಿಲ್ಲ ಎಂಬುದು ಕಣ್ಣಿಗೆ ಬೀಳತೊಡಗಿತು. ಹಾಗೆ ಪಕ್ಷದ ಕೆಲಸಕ್ಕೆ ಬಿದ್ದೆ. 2019ರಿಂದ ಐದು ವರ್ಷ ತಾಲ್ಲೂಕು ಘಟಕದ ಸಂಘಟನಾ ಕಾರ್ಯದರ್ಶಿಯಾಗಿದ್ದೆ. ಯಾವ ಪಕ್ಷ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುವವರು ಕೆಲಸವನ್ನು ಬಿಟ್ಟು ಪಕ್ಷವನ್ನಷ್ಟೇ ನೋಡುತ್ತಾರೆ.

ನನ್ನ ಕಣ್ಣು ತೆರೆಸಿದ್ದು 2018ರ ಮೇ 12, ವಿಧಾನಸಭೆಯ ಮತದಾನದ ದಿನ. ಒಂದು ಊರಿನ ಬೂತಿಗೆ, ಪಕ್ಷದ ಪರವಾಗಿ ಕೂತು ಮತದಾನ ನೋಡಬೇಕಿದ್ದ ನಮ್ಮ ಏಜೆಂಟ್ ಬರುವಷ್ಟರಲ್ಲಿ, ಯಂತ್ರ ಸರಿಯಿದೆಯೇ ಎಂದು ಮೊದಲೇ ಪರೀಕ್ಷಿಸುವ ಅಣಕು ಮತದಾನ ಮುಗಿದು, ಜನ ಸಾಲು ನಿಂತು ಓಟು ಹಾಕುತ್ತಿದ್ದರು. ಸಂಜೆ ಆತ ಬೇಗ ಎದ್ದು ಹೋದ. ಚಲಾವಣೆಯಾದ ಮತಗಳ ಲೆಕ್ಕ ಇರುವ ನಮೂನೆ 17ಸಿ ನಮ್ಮ ಕೈಗೆ ಬರಲೇ ಇಲ್ಲ. ಎಣಿಕೆಯ ದಿನ ಆ ಬೂತಿನ ಯಂತ್ರ ಮೇಜಿಗೆ ಬಂದಾಗ ತಾಳೆ ನೋಡಲು ನಮ್ಮ ಹತ್ತಿರ ಒಂದು ಅಂಕಿಯೂ ಇರಲಿಲ್ಲ. ಅಂಗಡಿಗೆ ಬಂದು ಪದಾಧಿಕಾರಿಗಳ ಪಟ್ಟಿ ತೆಗೆದೆ. ಎಪ್ಪತ್ತಕ್ಕೂ ಹೆಚ್ಚು ಹೆಸರು. ಆ ಊರಿನವರೇ ಮೂವರು. ಮೂವರೂ ಮನೆ ಮಾಡಿದ್ದು ಬ್ಯಾಡಗಿ ಪೇಟೆಯಲ್ಲಿ. ಬೂತ್ ಇರುವ ಓಣಿಯಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಏಳುವ ಒಬ್ಬನೂ ಪಟ್ಟಿಯಲ್ಲಿರಲಿಲ್ಲ.

ಪಕ್ಷದ ರಚನೆ ಕಾಗದದ ಮೇಲೆ ಎಲ್ಲರದೂ ಹೆಚ್ಚುಕಡಿಮೆ ಒಂದೇ. ರಾಜ್ಯ, ಜಿಲ್ಲೆ, ತಾಲ್ಲೂಕು ಇಲ್ಲವೇ ವಿಧಾನಸಭಾ ಕ್ಷೇತ್ರ, ಕೆಳಗೆ ಬೂತ್. ಕಾಂಗ್ರೆಸ್ಸಿನವರು ಬ್ಲಾಕ್ ಅನ್ನುತ್ತಾರೆ, ಬಿಜೆಪಿಯವರು ಮಂಡಲ, ಅದರ ಕೆಳಗೆ ಕೆಲವು ಬೂತುಗಳಿಗೊಂದು ಶಕ್ತಿ ಕೇಂದ್ರ ಅನ್ನುತ್ತಾರೆ. ತೊಡಕು ಬರುವುದು ಪಕ್ಷದ ನಕ್ಷೆ ಮತ್ತು ಚುನಾವಣೆಯ ನಕ್ಷೆ ಕೂಡದೇ ಇದ್ದಾಗ. ಹಾವೇರಿ ಜಿಲ್ಲೆಯಲ್ಲಿ ಆರು ವಿಧಾನಸಭಾ ಕ್ಷೇತ್ರ. ಹಾನಗಲ್, ಹಾವೇರಿ, ಬ್ಯಾಡಗಿ, ಹಿರೇಕೆರೂರು, ರಾಣೆಬೆನ್ನೂರು ಹಾವೇರಿ ಲೋಕಸಭೆಗೆ ಸೇರಿದರೆ ಶಿಗ್ಗಾಂವಿ ಧಾರವಾಡಕ್ಕೆ ಹೋಗುತ್ತದೆ. ಅತ್ತ ಗದಗ ಜಿಲ್ಲೆಯ ಗದಗ, ರೋಣ, ಶಿರಹಟ್ಟಿ ನಮ್ಮ ಕಡೆ ಬರುತ್ತವೆ. ಲೋಕಸಭೆ ಚುನಾವಣೆ ಬಂದರೆ ಇಬ್ಬರು ಜಿಲ್ಲಾಧ್ಯಕ್ಷರು ಒಂದೇ ಅಭ್ಯರ್ಥಿಗೆ ದುಡಿಯಬೇಕು, ಶಿಗ್ಗಾಂವಿಯವರು ನಮ್ಮ ಸಭೆಗೆ ಬಂದು ಧಾರವಾಡದ ಕೆಲಸ ಮಾಡಬೇಕು. ವಾಹನ ಯಾರದು, ಕರಪತ್ರ ಯಾರ ಲೆಕ್ಕದಲ್ಲಿ, ಸಭೆ ಹಾವೇರಿಯಲ್ಲೋ ಗದಗಿನಲ್ಲೋ ಎಂಬುದರಲ್ಲೇ ಮೊದಲ ವಾರ ಹೋಗುತ್ತಿತ್ತು.

ನಾನು ಕೆಲಸ ಶುರು ಮಾಡಿದ್ದು ಪುಟದಿಂದ. ಮತದಾರರ ಪಟ್ಟಿಯ ಒಂದು ಪುಟದಲ್ಲಿ ಮೂವತ್ತು ಹೆಸರು, ಅಂದರೆ ಏಳೆಂಟು ಮನೆ. ಸಾವಿರ ಮತದಾರರ ಬೂತ್ ಎಂದರೆ ಮೂವತ್ತನಾಲ್ಕು ಪುಟ. ಆ ಮನೆಗಳನ್ನು ನೋಡಿಕೊಳ್ಳಲು ಪುಟಕ್ಕೊಬ್ಬರು ಕಾರ್ಯಕರ್ತರು ಸಿಗುತ್ತಾರೆ ಅಂದುಕೊಂಡಿದ್ದೆ. ಸಿಗಲಿಲ್ಲ. ಎರಡು ಪುಟಕ್ಕೊಬ್ಬರು ಸಿಕ್ಕರೆ ಅದೇ ಚಲೋ ಬೂತ್.

ಒಂದು ಸಂಜೆಯ ಮಾತು ಹೇಳುತ್ತೇನೆ. ಕಾಗಿನೆಲೆ ಕಡೆಯ ಒಂದು ಊರು. ಜಗುಲಿಯ ಮೇಲೆ ಹದಿನಾಲ್ಕನೇ ಪುಟ ಹರಡಿಕೊಂಡು ಕೂತಿದ್ದೆ. ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಒಬ್ಬ ಅಜ್ಜಿ ಹತ್ತಿರ ಬಂದು, "ಓದಪಾ, ನಾ ಹೇಳ್ತೀನಿ" ಅಂದಳು. ಆಕೆಗೆ ಓದು ಬರಹ ಇಲ್ಲ. ನಾನು ಹೆಸರು ಓದುತ್ತ ಹೋದೆ. "ಅಂವ ತೀರಿ ಮೂರು ವರ್ಸಾತು. ಅಕಿ ಲಗ್ನ ಆಗಿ ರಾಣೆಬೆನ್ನೂರಿಗೆ ಹೋದಳು. ಇವ್ರಿಬ್ರು ಅಣ್ಣತಮ್ಮ ಗೋವಾಕ್ಕ ದುಡಿಯಾಕ ಹೋಗ್ಯಾರ, ಜಾತ್ರಿಗೆ ಬರ್ತಾರ. ಈ ಹುಡುಗಿ ಹೆಸರು ಬಂದೇ ಇಲ್ಲಲ್ಲೋ, ಕಾಲೇಜಿಗೆ ಹೋಗ್ತಾಳ." ಮೂವತ್ತು ಹೆಸರಿನಲ್ಲಿ ನಾಲ್ವರು ತೀರಿಕೊಂಡಿದ್ದರು, ಐವರು ಊರು ಬಿಟ್ಟಿದ್ದರು, ಸೇರಬೇಕಾದ ಇಬ್ಬರ ಹೆಸರು ಬಿಟ್ಟುಹೋಗಿತ್ತು. ಅರ್ಧ ತಾಸಿನ ಕೆಲಸ. ತಾಲ್ಲೂಕು ಕಚೇರಿಯಲ್ಲಿ ಕೂತು ಮಾಡಿದ ಯಾವ ಸಭೆಯೂ ನನಗೆ ಇಷ್ಟು ಹೇಳಿಕೊಟ್ಟಿಲ್ಲ. ಆ ಅಜ್ಜಿಯ ಮೊಮ್ಮಗಳನ್ನೇ ಮುಂದೆ ಬೂತ್ ಮಟ್ಟದ ಏಜೆಂಟ್ ಮಾಡಿದೆವು.

ಬೂತ್ ಮಟ್ಟದ ಏಜೆಂಟ್ ಎಂದರೆ ಮತದಾನದ ದಿನ ಕೂರುವ ಏಜೆಂಟ್ ಅಲ್ಲ, ಪಕ್ಷದ ಪರವಾಗಿ ಬೂತಿನ ಪಟ್ಟಿ ನೋಡಿಕೊಳ್ಳುವವರು; ಅದು ಬಾಯಿಮಾತಿನ ನೇಮಕವಲ್ಲ. ಪಕ್ಷದ ಅಧಿಕೃತ ಪ್ರತಿನಿಧಿ ಸಹಿ ಮಾಡಿದ ಬಿಎಲ್‌ಎ-2 ನಮೂನೆ ಚುನಾವಣಾ ಅಧಿಕಾರಿಗಳಿಗೆ ತಲುಪಬೇಕು. ಆಮೇಲೆ ಬೂತ್ ಮಟ್ಟದ ಅಧಿಕಾರಿ, ನಮ್ಮ ಕಡೆ ಬಹಳಷ್ಟು ಅಂಗನವಾಡಿ ಕಾರ್ಯಕರ್ತೆಯರು ಇಲ್ಲವೇ ಶಾಲೆಯ ಮೇಷ್ಟ್ರು, ಅವರ ಜೊತೆ ಕೂತು ಪಟ್ಟಿ ನೋಡಬಹುದು. ಹೊಸ ಹೆಸರಿಗೆ ನಮೂನೆ 6, ತೆಗೆಯಲು 7, ತಿದ್ದುಪಡಿಗೆ ಮತ್ತು ವಿಳಾಸ ಬದಲಿಗೆ 8. ಒಬ್ಬ ಏಜೆಂಟ್ ದಿನಕ್ಕೆ ಹತ್ತಕ್ಕಿಂತ ಹೆಚ್ಚು ಅರ್ಜಿ ಕೊಡುವಂತಿರಲಿಲ್ಲ. ನಮ್ಮವರೇ ಕೆಲವರು ನಮಗೆ ಓಟು ಹಾಕದವರ ಮೇಲೆ ನಮೂನೆ 7 ತುಂಬಿಕೊಂಡು ಬಂದಾಗ ನಾನು ಅದನ್ನು ಮುಂದಕ್ಕೆ ಕಳಿಸಲಿಲ್ಲ. ಜಗಳವಾಯಿತು. ಊರಿನಲ್ಲಿ ಬದುಕಿರುವವನ ಹೆಸರು ತೆಗೆಸುವುದು ಯಾವ ಪಕ್ಷಕ್ಕೂ ಶೋಭೆ ತರುವ ಕೆಲಸವಲ್ಲ ಎಂದು ಇಂದಿಗೂ ನಂಬಿದ್ದೇನೆ.

ಪದಾಧಿಕಾರಿಗಳ ಪಟ್ಟಿ ಮಾಡುವುದು ಇದಕ್ಕಿಂತ ಕಷ್ಟ. ಲಿಂಗಾಯತರಲ್ಲೇ ಪಂಚಮಸಾಲಿ, ಸಾದರು. ಆಮೇಲೆ ಕುರುಬರು, ವಾಲ್ಮೀಕಿಗಳು, ದಲಿತರಲ್ಲಿ ಎಡಗೈ ಬಲಗೈ, ಗಂಗಾಮತಸ್ಥರು, ಮುಸ್ಲಿಮರು. ಪ್ರತಿ ಸಮಾಜಕ್ಕೂ ಜಾಗ ಬೇಕು, ಬೇಕಾದ್ದೇ. ತಮ್ಮವರು ಒಬ್ಬರೂ ಇಲ್ಲದ ಸಮಿತಿಯ ಹತ್ತಿರ ಜನ ಕಷ್ಟ ಹೇಳಿಕೊಂಡು ಬರುವುದಿಲ್ಲ. ಆದರೆ ಉಪಾಧ್ಯಕ್ಷ, ಕಾರ್ಯದರ್ಶಿ ಎಂದು ಕಾರ್ಡು ಮಾಡಿಸಿಕೊಂಡು ಮತ್ತೆ ಕಾಣದವರೂ ಇದ್ದರು. ಆ ಕಾರ್ಡುಗಳನ್ನು ಮುದ್ರಿಸಿದ್ದೂ ನನ್ನ ಅಂಗಡಿಯಲ್ಲೇ. ಕೊನೆಗೊಂದು ಕರಾರು ಮಾಡಿದೆವು: ಹುದ್ದೆ ಬೇಕೆಂದವರು ಮೊದಲು ತಮ್ಮ ಬೂತಿನ ಎರಡು ಪುಟ ಮನೆಮನೆಗೆ ಹೋಗಿ ತಿದ್ದಿಕೊಂಡು ಬರಬೇಕು. ಅರ್ಧಕ್ಕರ್ಧ ಜನ ಹಿಂದೆ ಸರಿದರು. ಉಳಿದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಸ್ವಸಹಾಯ ಸಂಘದ ಪುಸ್ತಕ ಬರೆದು ರೂಢಿಯಾದವರು, ಲೆಕ್ಕ ತಪ್ಪುವುದಿಲ್ಲ. ಮಹಿಳಾ ಘಟಕ ಎಂದು ಅವರನ್ನು ಬೇರೆ ಕೂರಿಸುವ ಬದಲು ಬೂತ್ ಸಮಿತಿಗೇ ಅಧ್ಯಕ್ಷರನ್ನಾಗಿ ಮಾಡಬೇಕು ಎಂದು ವಾದಿಸಿದೆ. ಕೆಲವು ಕಡೆ ಗೆದ್ದೆ, ಬಹಳ ಕಡೆ ಆಗಲಿಲ್ಲ.

2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆ ಈ ಜೋಡಣೆಯನ್ನು ಅಲುಗಾಡಿಸಿತು. ಅಲ್ಲಿ ಪಕ್ಷದ ಚಿಹ್ನೆ ಇಲ್ಲ. ಒಂದೇ ಬೂತ್ ಸಮಿತಿಯ ಇಬ್ಬರು ಎದುರುಬದುರು ನಿಂತರು. ಮುಗಿದ ಮೇಲೆ ಆರು ತಿಂಗಳು ಒಂದೇ ಜಗುಲಿಯಲ್ಲಿ ಕೂರಲಿಲ್ಲ. ಇತ್ತ 2021ರಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದು, ಚುನಾವಣೆ ನಡೆಯದೆ ವರ್ಷಗಳು ಕಳೆದವು. ಅದರ ಪೆಟ್ಟು ಬಿದ್ದದ್ದು ನಮ್ಮಂಥ ಘಟಕಗಳಿಗೆ. ಬೂತಿನಲ್ಲಿ ದುಡಿದ ಹುಡುಗ ಮೇಲೇರಲು ಇದ್ದ ಮೆಟ್ಟಿಲೇ ಅದು. ಅದಿಲ್ಲದೆ ಎಷ್ಟು ದಿನ ಅಂತ ಹಿಡಿದಿಡುವುದು?

2023ರ ಮೇ 10. ಬೆಳಿಗ್ಗೆ ಏಳಕ್ಕೆ ಮತದಾನ, ಐದೂವರೆಗೇ ಅಣಕು ಮತದಾನ. ಹಿಂದಿನ ರಾತ್ರಿ ನಮೂನೆ 10, ಅಂದರೆ ಮತದಾನದ ದಿನ ಕೂರುವ ಏಜೆಂಟರ ನೇಮಕ ಪತ್ರ, ಪ್ರತಿ ಬೂತಿಗೂ ತಲುಪಿತ್ತು. ಬದಲಿ ಏಜೆಂಟರ ಹೆಸರೂ ಸಿದ್ಧ. ನಾಲ್ಕೂವರೆಯಿಂದ ಫೋನ್ ಹಚ್ಚುತ್ತ ಕೂತೆ. 2018ರಲ್ಲಿ ಕೈಕೊಟ್ಟ ಆ ಬೂತಿನಲ್ಲಿ ಈ ಸಲ ಕೂತವರು ಇಬ್ಬರು ಮಕ್ಕಳ ತಾಯಿ. ಅಣಕು ಮತದಾನದಲ್ಲಿ ಕನಿಷ್ಠ ಐವತ್ತು ಮತ ಹಾಕಬೇಕೆಂದು ಹೇಳಿಕೊಟ್ಟಿದ್ದೆವು. ಆಕೆ ಒಂದೊಂದನ್ನೂ ಚೀಟಿಯಲ್ಲಿ ಗೀಟು ಎಳೆದು ಎಣಿಸಿ, ಯಂತ್ರದ ಲೆಕ್ಕಕ್ಕೆ ತಾಳೆ ನೋಡಿ, ಆಮೇಲೆ ಅದನ್ನು ಅಳಿಸಿದ್ದಾರೆಂದು ಖಚಿತ ಮಾಡಿಕೊಂಡು ಸಹಿ ಹಾಕಿದ್ದರು. ಸಂಜೆ ಆರಕ್ಕೆ ಗೇಟು ಮುಚ್ಚಿದ ಮೇಲೂ ಸಾಲಿನಲ್ಲಿದ್ದವರು ಮುಗಿಯುವ ತನಕ ಏಳಲಿಲ್ಲ. ರಾತ್ರಿ ಒಂಬತ್ತರ ಹೊತ್ತಿಗೆ ಗಂಡನ ಬೈಕಿನ ಹಿಂದೆ ಕೂತು ಅಂಗಡಿಗೆ ಬಂದರು. ಸೆರಗಿನ ಗಂಟು ಬಿಚ್ಚಿ, ನಾಲ್ಕಾಗಿ ಮಡಚಿದ 17ಸಿ ಪ್ರತಿಯನ್ನು ಮೇಜಿನ ಮೇಲಿಟ್ಟು, "ಒಂದು ಝೆರಾಕ್ಸ್ ನನಗೂ ಕೊಡ್ರಿ, ಮನ್ಯಾಗ ಇಟ್ಕೋತೀನಿ" ಅಂದರು.