ಒಣಮೇವು ಅರಗಬೇಕಾದರೆ ಸೊಪ್ಪು ಬೇಕು: ಕುರಿ ಮೇವಿನಲ್ಲಿ ನನ್ನ ಅನುಭವ

ಜೋಳದ ಸೊಪ್ಪೆ, ರಾಗಿ ಹುಲ್ಲು, ಮೆಕ್ಕೆಜೋಳದ ದಂಟು, ಇವುಗಳಲ್ಲಿ ಸಸಾರಜನಕ ಸುಮಾರು ಶೇ. 3ರಿಂದ 5 ಮಾತ್ರ. ಮೇವಿನಲ್ಲಿ ಅದು ಶೇ. 7ಕ್ಕಿಂತ ಇಳಿದರೆ ಹೊಟ್ಟೆಯೊಳಗೆ ನಾರು ಕರಗಿಸುವ ಸೂಕ್ಷ್ಮಜೀವಿಗಳಿಗೇ ಆಹಾರ ಸಾಲದು. ತಿಂದದ್ದು ಬೇಗ ಕರಗದೆ ಹೊಟ್ಟೆ ತುಂಬಿಕೊಂಡೇ ಇರುತ್ತದೆ, ಕುರಿ ಮೇವಿಗೆ ಬಾಯಿ ಹಾಕುವುದಿಲ್ಲ. ಗೋದಲಿ ತುಂಬಿದ್ದರೂ ಕುರಿ ಬಡವಾಗುವುದು ಹೀಗೆ. ನಾನು ಸೊಪ್ಪು ಕೊಡುವುದು ಒಣಮೇವಿನ ಬದಲಿಗಲ್ಲ, ಅದು ಅರಗಲೆಂದು.

25 ಕಿಲೋ ತೂಕದ ಕುರಿಗೆ ದಿನಕ್ಕೆ ಸುಮಾರು 800 ಗ್ರಾಂ ಒಣ ಅಂಶ (ಮೇವಿನ ನೀರು ಕಳೆದು ಉಳಿಯುವ ಭಾಗ) ಬೇಕು. ಅದರಲ್ಲಿ 240 ಗ್ರಾಂ ಸೊಪ್ಪಿನಿಂದ ಬರುವಂತೆ ನೋಡಿಕೊಳ್ಳುತ್ತೇನೆ. ಹಸಿ ಎಲೆಯಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ ಸುಮಾರು ಒಂದು ಕಿಲೋ ಎಲೆ ತೂಗಬೇಕು. ಗಟ್ಟಿ ಕಡ್ಡಿಗಳನ್ನು ಕುರಿ ಬಿಡುತ್ತದೆ, ಕೊಂಬೆಸಹಿತ ಹಾಕುವುದಾದರೆ ಒಂದೂವರೆ ಕಿಲೋ. ಲೆಕ್ಕ ಹೀಗೆ: ಸಸಾರಜನಕ ಶೇ. 4 ಇರುವ ಸೊಪ್ಪೆ 560 ಗ್ರಾಂ, ಶೇ. 22 ಇರುವ ಸುಬಾಬುಲ್ ಮರದ ಎಲೆ 240 ಗ್ರಾಂ, ಒಟ್ಟಿನಲ್ಲಿ ಸಸಾರಜನಕ ಶೇ. 9 ದಾಟುತ್ತದೆ. ಹಾಲೂಡುವ ಕುರಿಗೂ ಕೊಬ್ಬಿಸುವ ಮರಿಗೂ ಇಷ್ಟು ಸಾಲದು, ಹಿಂಡಿ ಸೇರಿಸಲೇಬೇಕು.

ಸುಬಾಬುಲ್ ಕುರಿಗೆ ಬಲು ಇಷ್ಟ, ಅಪಾಯ ಇರುವುದೂ ಅದರಲ್ಲೇ. ಎಲೆಯಲ್ಲಿರುವ ಮಿಮೊಸಿನ್ ಎಂಬ ವಿಷಕಾರಿ ಅಂಶ ಹೆಚ್ಚಾದರೆ ಉಣ್ಣೆ ಉದುರುತ್ತದೆ. ಅದು ಹೊಟ್ಟೆಯಲ್ಲಿ ಒಡೆದು ಆಗುವ ವಸ್ತು ಥೈರಾಯ್ಡ್ ಗ್ರಂಥಿಯನ್ನು ಕೆಡಿಸಿ ಗಂಟಲು ಊದಿಸುತ್ತದೆ. ಒಟ್ಟು ಮೇವಿನ ಒಣ ಅಂಶದಲ್ಲಿ ಸುಬಾಬುಲ್ ಶೇ. 30 ಮೀರಬಾರದು. ಗಬ್ಬದ ಕುರಿಗೆ ನಾನು ಅಷ್ಟೂ ಕೊಡುವುದಿಲ್ಲ, ಅರ್ಧ ಪಾಲು ಚೊಗಚೆಯನ್ನೋ ಶೇಂಗಾ ಬಳ್ಳಿಯನ್ನೋ ಹಾಕುತ್ತೇನೆ. ಗ್ಲಿರಿಸಿಡಿಯಾದ (ಗೊಬ್ಬರದ ಗಿಡದ) ತೊಡಕೆಂದರೆ ವಾಸನೆ. ಹೊಸದರಲ್ಲಿ ಕುರಿ ಮೂಸಿ ನೋಡಿ ದೂರ ಸರಿಯುತ್ತದೆ. ಸಂಜೆ ಕೊಯ್ದು ತೆಳುವಾಗಿ ಹರಡಿ, ರಾತ್ರಿಯಿಡೀ ಬಾಡಿಸಿ, ಬೆಳಗಿನ ಹಸಿವಿನಲ್ಲಿ ಪರಿಚಯದ ಸೊಪ್ಪಿನ ಜತೆ ಒಂದು ಹಿಡಿ ಬೆರೆಸಿ ಕೊಡಬೇಕು. ಯಾವ ಸೊಪ್ಪನ್ನೇ ಆಗಲಿ 10ರಿಂದ 14 ದಿನದಲ್ಲಿ ಹಂತಹಂತವಾಗಿ ಪೂರ್ಣ ಪ್ರಮಾಣಕ್ಕೆ ತರುವುದು ಸರಿ. ಹಸಿದ ಕುರಿಗೆ ಹಸಿ ಕುದುರೆಮಸಾಲೆಯನ್ನು ಒಮ್ಮೆಲೇ ಸುರಿದರೆ ಹೊಟ್ಟೆಯುಬ್ಬರ ಬರುತ್ತದೆ. ಮೊದಲು ಒಣಮೇವು ತಿಂದಿರಬೇಕು.

ಸೊಪ್ಪನ್ನು ಎರಡು ಹೊತ್ತಿಗೆ ಹಂಚಿ, ತಲೆಯ ಮಟ್ಟಕ್ಕೆ ಕಟ್ಟಿ ತೂಗುಹಾಕಿದರೆ ತುಳಿತಕ್ಕೆ ಸಿಗದು. ಸೊಪ್ಪೆಯನ್ನು 2–3 ಸೆಂ.ಮೀ.ಗೆ ಕತ್ತರಿಸಿ, ತಿನ್ನುವುದಕ್ಕಿಂತ ಕಾಲುಭಾಗ ಹೆಚ್ಚಿಗೆ ಹಾಕುತ್ತೇನೆ. ಎಲೆ ಆರಿಸಿ ತಿಂದು ದಂಟು ಬಿಡುವುದು ಕುರಿಯ ಸ್ವಭಾವ. ಉಳಿದದ್ದು ಗೊಬ್ಬರಕ್ಕೆ. ಖನಿಜ ಮಿಶ್ರಣ ದಿನಕ್ಕೆ 10 ಗ್ರಾಂ, ನೀರು ಸದಾ ಎದುರಿಗೆ.

ಬೇಸಿಗೆಗೆಂದು ಒಣಗಿಸುವಾಗ ನೆರಳೇ ಬೇಕು. ಬಿಸಿಲಿಗೆ ಎಲೆಯ ಹಸಿರೂ ಎ ಜೀವಸತ್ವದ ಮೂಲವೂ ಕರಗಿಹೋಗುತ್ತವೆ, ಅತಿ ಒಣಗಿದ ಎಲೆ ಎತ್ತುವಾಗಲೇ ಉದುರುತ್ತದೆ. ಕೊಂಬೆಗಳನ್ನು ನೆಲಕ್ಕೆ ಹಾಸಿದ ಗೋಣಿತಾಟಿನ ಮೇಲೇ ಒಣಗಿಸಿ, ಉದುರಿದ್ದನ್ನು ಗುಡಿಸಿ ಗೋಣಿಚೀಲಕ್ಕೆ ತುಂಬುತ್ತೇನೆ. ಹಿಡಿಯಲ್ಲಿ ಹಿಸುಕಿದರೆ ಪುಡಿಯಾಗಬೇಕು, ಮೆತ್ತಗಿದ್ದರೆ ಚೀಲದಲ್ಲಿ ಬೂಷ್ಟು ಖಚಿತ. ಮಳೆಗೆ ನೆಂದು ಬೂಷ್ಟು ಹಿಡಿದ ಶೇಂಗಾ ಬಳ್ಳಿಯನ್ನು ಎಷ್ಟೇ ಕೊರತೆಯಿದ್ದರೂ ಕುರಿಗೆ ಹಾಕಬಾರದು. ಬೂಷ್ಟಿನ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ.